ಗೋಡೆಗೆ ಕಾವಲಿಟ್ಟ ಕಲ್ಲು

ಅಳತೆಯ ಟೇಪು ಹಿಡಿದು ಬಂದ ಹರಿಣಿಯ ಮೇಲೆ ಕಾಂತಪ್ಪನಿಗೆ ಮೊದಲ ದಿನದಿಂದಲೇ ಅನುಮಾನ. ಮುಂಬೈಯ ರೇ ರೋಡ್ ಸ್ಟೇಷನ್ನಿನಾಚೆ, ಹಳೆಯ ಬಂದರಿನ ಗೋಡೆಗೆ ಬೆನ್ನು ಕೊಟ್ಟು ಅವನ ಇಡ್ಲಿ ಹೋಟೆಲ್ ನಿಂತಿತ್ತು. ಹಡಗಿನ ಕೆಲಸ ಕಡಿಮೆಯಾಗಿ ಗಿರಾಕಿಗಳು ಕರಗಿದ್ದರೂ ಹೊಟ್ಟೆಪಾಡು ಅದೇ. ಗೋಡೆಯಾಚೆ ಸಮುದ್ರ, ಈಚೆಯವರ ಪಾಲಿಗೆ ಅದರ ವಾಸನೆ ಮಾತ್ರ. ಈಗ ಗೋಡೆ ಒಡೆದು, ಮೆಟ್ಟಿಲು ಕಟ್ಟಿ, ಊರಿಗೆ ಸಮುದ್ರ ತೋರಿಸುತ್ತಾರಂತೆ. ಹರಿಣಿ ಅದರ ಆರ್ಕಿಟೆಕ್ಟ್.

“ಅಂಕಲ್, ನಿಮ್ದು ಚಾಯ್ ಬಹುತ್ ಚೆನ್ನಾಗಿದೆ,” ಎನ್ನುವಳು, ವಿಲೆ ಪಾರ್ಲೆಯಲ್ಲಿ ಬೆಳೆದ ಕನ್ನಡದ ಹುಡುಗಿ. ಅವಳು ನಕ್ಕಷ್ಟೂ ಇವನ ಅನುಮಾನ ಬಲಿಯುತ್ತಿತ್ತು.

“ನಮ್ಮನ್ನು ಎಬ್ಬಿಸ್ಲಿಕ್ಕೇ ಬಂದದ್ದು ಇವಳು,” ಎಂದ ಹೆಂಡತಿ ಪ್ರಫುಲ್ಲಾಳಿಗೆ.

“ಒಮ್ಮೆ ಕೇಳಿ ನೋಡಿ.”

“ಕೇಳಿದ್ರೆ ಹೌದು ಅಂತಾಳಾ ಮಾರಾಯ್ತಿ?”

ಕೇಳಲಿಲ್ಲ, ಬುದ್ಧಿವಂತ! ರಸ್ತೆಬದಿಯ ಕಲ್ಲೊಂದನ್ನು ಹೋಟೆಲಿನ ಪಕ್ಕ ಗೋಡೆಯ ಬುಡದಲ್ಲಿ ನೆಟ್ಟು, ಕುಂಕುಮ ಹಚ್ಚಿ, ತುಳುನಾಡಿನ ತನ್ನೂರಿನ ಗುಳಿಗ ದೈವ ಕನಸಿನಲ್ಲಿ ಬಂದು ಜಾಗ ಕೇಳಿತೆಂದು ಸಾರಿದ. ಕನಸು ಶುದ್ಧ ಸುಳ್ಳು. ಈ ಮುಂಬೈಯಲ್ಲಿ ಮನೆ ಒಡೆಯುತ್ತಾರೆ, ದೇವರನ್ನು ಮುಟ್ಟುವುದಿಲ್ಲ ಎಂಬುದು ಅವನ ಲೆಕ್ಕಾಚಾರ.

ಲೆಕ್ಕಾಚಾರ ತಪ್ಪಲಿಲ್ಲ. ಗೋಡೆ ಒಡೆಯಲು ಬಂದ ಕಲಬುರಗಿಯ ಆಳುಗಳ ಮುಕಾದಮ ಶರಣಬಸಪ್ಪ ಕಲ್ಲು ಕಂಡವನೇ ಚಪ್ಪಲಿ ಬಿಟ್ಟ.

“ದೇವರ ಕಲ್ಲದರಿ ಮೇಡಂ. ಇಲ್ಲಿ ಹಾರಿ-ಗುದ್ದಲಿ ಹಚ್ಚಂಗಿಲ್ರಿ. ನಾವೂ ಮಕ್ಕಳೊಂದಿಗರು.”

ಹರಿಣಿ ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಕೊನೆಗೆ ಅವಳು ನಕ್ಷೆಯನ್ನು ಕಾಂತಪ್ಪನ ಮೇಜಿನ ಮೇಲೆ ಹರಡಿದಳು.

“ಪ್ಲಾನ್‌ನಲ್ಲಿ ಗೇಟ್ ಇಲ್ಲೇ ಇತ್ತು ಅಂಕಲ್, ನಿಮ್ಮ ಹೋಟೆಲ್ ಬಾಜೂಗೆ. ಹೋಟೆಲ್ ಹಾಗೇ ಇಟ್ಟಿದ್ದೆ. ಸಮುದ್ರಕ್ಕೆ ಹೋಗೋ ಪಬ್ಲಿಕ್ ಎಲ್ಲಾ ನಿಮ್ಮ ಮುಂದೇನೇ ಹೋಗ್ತಿತ್ತು. ಪ್ಲಾನ್ ಪಾಸ್ ಆಗೋ ತನಕ ಹೇಳಬಾರದು ಅಂತ ಆಫೀಸಲ್ಲಿ ಅಂದಿದ್ರು. ಈಗ ದೂರದ ಆ ಗೋದಾಮ್ ಕಡೆ ಒಡೀಬೇಕು.”

ಕಾಂತಪ್ಪ ಧಡಕ್ಕನೆ ಎದ್ದ.

“ಕಲ್ಲು ನಾನೇ ತೆಗಿತೇನೆ! ಕನಸು-ಗಿನಸು ಎಂತದೂ ಇಲ್ಲ!” ಎಂದು ಓಡಿಹೋಗಿ ಬಗ್ಗಿದ. ಕೈ ಮುಂದೆ ಹೋಗಲಿಲ್ಲ. ಸುಳ್ಳಾದರೂ ಬಾಯಿಬಿಟ್ಟು ಹೇಳಿದ್ದು ಗುಳಿಗನ ಹೆಸರು. ಚಿಕ್ಕಂದಿನಲ್ಲಿ ಆ ಹೆಸರು ಕೇಳಿದರೆ ಚಳಿ ಕೂರುತ್ತಿತ್ತು, ಈಗಲೂ ಕೂತಿತು.

ಪ್ರಫುಲ್ಲಾ ಅವನ ರಟ್ಟೆ ಹಿಡಿದಳು. “ಹೆಸರು ಹೇಳಿ ಕೂರಿಸಿದ್ದು ನೀವು. ಮುಟ್ಬೇಡಿ.”

ಅಷ್ಟರಲ್ಲಿ ಶರಣಬಸಪ್ಪ ಕಲ್ಲಿನ ಮುಂದೆ ಕಾಯಿ ಒಡೆದಿದ್ದ. “ಪ್ರಸಾದ ತಗೋರಿ ಅಣ್ಣಾರ. ಛಲೋ ಜಾಗಾ ಹಿಡದದ ದೇವರು.”

ಕಾಂತಪ್ಪ ಕೈಯೊಡ್ಡಿದ. ಮಧ್ಯಾಹ್ನದ ಹೊತ್ತಿಗೆ ಗೋದಾಮಿನ ಕಡೆ ಗೋಡೆ ಬಿದ್ದು, ಸಮುದ್ರ ಕಂಡಿತೆಂದು ಜನ ಕೂಗುತ್ತ ಆ ಕಡೆ ಓಡಿದರು. ಅವನ ಹೋಟೆಲಿನಲ್ಲಿ ಕೂತಿದ್ದ ಇಬ್ಬರು ಗಿರಾಕಿಗಳೂ ಚಹಾ ಅರ್ಧಕ್ಕೆ ಬಿಟ್ಟು ಎದ್ದುಹೋದರು.