ಹಗ್ಗದ ಆ ತುದಿ

“ಏ ಮುತ್ತು, ಹಗ್ಗ ಮುಚ್ಚೇ ಲೌಡಿ! ಕಂಬದ ಮೇಲೆ ಕ್ಯಾಮೆರಾ ಇದೆ. ಕಣ್ಣೇನು ಬೆನ್ನಲ್ಲಿ ಇಟ್ಕೊಂಡಿದೀಯಾ?”

ಮೇಸ್ತ್ರಿ ಕೂಗಿದ್ದು ರಸ್ತೆಯ ಆಚೆ ಬದಿಯಿಂದ, ಮೂಗಿಗೆ ಕರ್ಚೀಫು ಒತ್ತಿಕೊಂಡು. ಅವಳು ಒಂದು ಕೈಯಲ್ಲಿ ಗೋಣಿಚೀಲ ಎಳೆದು ಹಗ್ಗದ ಮೇಲೆ ಹಾಕಿದಳು. ಇನ್ನೊಂದು ಕೈ ಹಗ್ಗ ಬಿಡಲಿಲ್ಲ. ಅದರ ಆ ತುದಿ ಮ್ಯಾನ್‌ಹೋಲಿನ ಒಳಗೆ, ಅಣ್ಣನ ಸೊಂಟದಲ್ಲಿತ್ತು.

ಮುತ್ತು ಅವಳ ಹೆಸರಲ್ಲ. ಅವಳಿಗೆ ಮಾತು ಕಮ್ಮಿ. ಬಾಯಿ ಬಿಟ್ಟರೆ ಮುತ್ತು ಉದುರುತ್ತಾ ಎಂದು ಎಲ್ಲರೂ ಕೇಳಿ ಕೇಳಿ ಕೊನೆಗೆ ಅದೇ ಹೆಸರಾಗಿ ಉಳಿದಿತ್ತು.

ಒಳಗಿಂದ ಎರಡು ಸಲ ಜಗ್ಗಿದ್ದು ಕೈಗೆ ತಿಳಿಯಿತು. ಎರಡು ಅಂದರೆ ಎಳಿ. ಅವಳು ಕಾಲೂರಿ ಎಳೆದಳು. ಮೊದಲು ಅಣ್ಣನ ಕೆಮ್ಮು ಬಂತು, ಆಮೇಲೆ ತಲೆ, ಆಮೇಲೆ ಕೈಯಲ್ಲಿದ್ದ ಚಿಂದಿ ಬಟ್ಟೆ.

“ಒರೆಸಿದ್ಯೇನೋ?” ಮೇಸ್ತ್ರಿ ಕೇಳಿದ.

“ಒರೆಸಿದೆ. ಗಾಜು ಫಳಫಳ ಅಂತಿದೆ. ಬೇಕಾದ್ರೆ ನೀನೇ ಇಳಿದು ಮುಖ ನೋಡ್ಕೊಂಡು ಬಾ.”

“ಕೊಬ್ಬು ನನ್ಮಗನೇ ನಿನಗೆ.” ಮೇಸ್ತ್ರಿ ಫೋನು ನೋಡಿದ. ನಕ್ಷೆಯಲ್ಲಿ ಈ ಬೀದಿಯ ಕೆಂಪು ಚುಕ್ಕೆ ಹಸಿರಾಗಿತ್ತು. “ಹ್ಞೂ, ಮಿಷನ್ನು ಸರಿಹೋಯ್ತು.”

ಮಿಷನ್ನು ಬಂದದ್ದು ಯಾರೂ ಗುಂಡಿಗೆ ಇಳಿಯಬಾರದೆಂದು. ಒಂದೊಂದು ಗುಂಡಿಯ ಒಳಗೋಡೆಗೂ ಒಂದೊಂದು ಪೆಟ್ಟಿಗೆ ಹೊಡೆದಿದ್ದರು. ಅದರ ಗಾಜಿನ ಕಣ್ಣು ಕೊಳಚೆ ಎಲ್ಲಿಯವರೆಗೆ ಏರಿದೆ ಎಂದು ನೋಡಿ ಆಫೀಸಿನ ಪರದೆಗೆ ಸುದ್ದಿ ಕಳಿಸುತ್ತಿತ್ತು. ಕಟ್ಟಿಕೊಳ್ಳುವ ಮುಂಚೆಯೇ ಲಾರಿ ಬಂದು ಹೀರಿಕೊಂಡು ಹೋಗುತ್ತದೆ ಎಂದು ಇಂಜಿನಿಯರ್ ಸಾಹೇಬರು ತಾವು ನೆರಳಲ್ಲಿ ನಿಂತು, ಇವರನ್ನೆಲ್ಲ ಬಿಸಿಲಲ್ಲಿ ಕೂರಿಸಿ ತಿಳಿಸಿ ಹೇಳಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಗುಂಡಿಯೊಳಗಿನ ಕಣ್ಣಿಗೆ ಗುಂಡಿಯಲ್ಲಿ ಇರುವುದೇ ಮೆತ್ತಿಕೊಳ್ಳುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ಮೆತ್ತಿಕೊಂಡರೆ ಚುಕ್ಕೆ ಕೆಂಪು, ಒರೆಸಿದರೆ ಹಸಿರು. ಒರೆಸಬೇಕಾದರೆ ಇಳಿಯಬೇಕು. ಮೊದಲು ಕಟ್ಟಿಕೊಂಡಾಗ ಮಾತ್ರ ಇಳಿಯುತ್ತಿದ್ದ ಅಣ್ಣ ಈಗ ದಿನಾ ಇಳಿಯುತ್ತಿದ್ದ. ಅಷ್ಟರಲ್ಲಿ, ಇಳಿಯುವವರು ಈಗ ಯಾರೂ ಇಲ್ಲ ಎಂದು ಸಾಹೇಬರು ಮೇಲಿನವರಿಗೆ ಬರೆದುಕೊಟ್ಟಾಗಿತ್ತು.

“ಅದಕ್ಕೇ ಹಗ್ಗ ಬೇಡ ಅಂತ ಬಡ್ಕೊಳ್ಳೋದು,” ಎಂದ ಮೇಸ್ತ್ರಿ. “ಹಗ್ಗ ಕಂಡ್ರೆ ಮನುಷ್ಯ ಇಳಿದಿದಾನೆ ಅಂತ ಆಗತ್ತೆ.”

“ಮನುಷ್ಯ ಕಂಡ್ರೆ?”

“ನೀನೆಲ್ಲೋ ಕಾಣ್ತೀಯಾ? ಒಳಗಿರ್ತೀಯಲ್ಲ.”

ಹಗ್ಗದ ವಿಷಯದಲ್ಲಿ ಅಣ್ಣ ಯಾರ ಮಾತೂ ಕೇಳುವವನಲ್ಲ. ಇಳಿಯುವ ಮುಂಚೆ ಒಂದು ಸಲ ಜಗ್ಗುತ್ತಿದ್ದ. ಮೇಲಿದ್ದವರು ಒಂದು ಸಲ ಜಗ್ಗಿ ಉತ್ತರ ಕೊಡಬೇಕು. ಕಣ್ಣೆದುರೇ ನಿಂತಿದ್ದರೂ ಸರಿ, ಉತ್ತರ ಬರದೆ ಗುಂಡಿಯೊಳಗೆ ಇಳಿಯುತ್ತಿರಲಿಲ್ಲ. ಅಪ್ಪ ಕೊನೆಯ ಸಲ ಇಳಿದ ದಿನ ಮೇಲೆ ಹಗ್ಗ ಹಿಡಿದಿದ್ದ ಚಿಕ್ಕಪ್ಪನನ್ನು ಇದೇ ಮೇಸ್ತ್ರಿ ಟೀ ತರಲು ಅಟ್ಟಿದ್ದ. ಚಿಕ್ಕಪ್ಪ ಹಗ್ಗವನ್ನು ಕಂಬಕ್ಕೆ ಬಿಗಿದು ಹೋಗಿದ್ದ. ಅಪ್ಪ ಎಷ್ಟು ಸಲ ಜಗ್ಗಿದನೋ ಆ ಕಂಬಕ್ಕೇ ಗೊತ್ತು. ಟೀ ಬಿಸಿಬಿಸಿಯಾಗಿಯೇ ಬಂದಿತ್ತು.

ಬೇರೆ ಊರುಗಳ ದೊಡ್ಡವರು ಪರದೆ ನೋಡಲು ಬರುವ ದಿನ, ಆಫೀಸಿನ ಹಿತ್ತಲಿನ ಗುಂಡಿಯೇ ಕೆಂಪಾಯಿತು. ಬೆಳಿಗ್ಗೆಯೇ ಇಬ್ಬರಿಗೂ ಕರೆ ಬಂತು. ಮುಚ್ಚಳ ಮೀಟಿ ತೆಗೆದು ಅವಳ ಕೈಯೆಲ್ಲ ರಾಡಿಯಾಗಿತ್ತು. ಆಫೀಸಿನ ಹಿಂಬಾಗಿಲ ಒಳಗಿನ ಓಣಿಯಲ್ಲಿ ಕೈ ಒಡ್ಡಿದರೆ ತಾನಾಗಿಯೇ ನೀರು ಬಿಡುವ ನಲ್ಲಿ ಇತ್ತು. ಅವಳು ಒಡ್ಡಿದಳು. ನೀರು ಬಂತು.

“ಏಯ್! ಎಲ್ಲಿಗೆ ಕೈ ಹಾಕ್ತೀಯೇ?” ವಾಚ್‌ಮನ್ ಲಾಠಿಯಿಂದ ಅವಳ ಕೈ ಪಕ್ಕಕ್ಕೆ ಸರಿಸಿದ. ನೀರು ನಿಂತಿತು. “ಯಾರ ಕೈ ಅಂತ ನಲ್ಲಿಗೆ ಗೊತ್ತಾಗಲ್ಲ. ನನಗೆ ಗೊತ್ತಾಗತ್ತೆ. ನಡಿ ಆಚೆ.”

ಅವಳು ಕೈಯನ್ನು ಲಂಗಕ್ಕೆ ಒರೆಸಿಕೊಂಡು ಹಿತ್ತಲಿಗೆ ಬಂದಳು. ಅಣ್ಣ ಸೊಂಟಕ್ಕೆ ಹಗ್ಗ ಬಿಗಿದು ಗುಂಡಿಯ ಅಂಚಿಗೆ ಕೂತಿದ್ದ. ಇಂಜಿನಿಯರ್ ಸಾಹೇಬರು ಹಿಂಬಾಗಿಲಲ್ಲಿ ನಿಂತಿದ್ದರು.

“ಪರದೆ ತುಂಬ ಹಸಿರು, ನಮ್ಮ ಆಫೀಸೊಂದೇ ಕೆಂಪು. ಮಾನ ಹೋಗತ್ತೆ. ಹಗ್ಗ ಬಿಚ್ಚು, ಕಿಟಕಿಯಿಂದ ಕಾಣತ್ತೆ. ಹೀಗೆ ಹೋಗಿ ಹಾಗೆ ಬಾ.”

“ಬಿಚ್ಚಲ್ಲ ಸಾಹೇಬ್ರೆ.”

“ಬಿಚ್ಚದಿದ್ರೆ ನಾಳೆಯಿಂದ ಇಬ್ರೂ ಬರಬೇಡಿ,” ಎಂದವರೇ ಸಾಹೇಬರು ಒಳಗೆ ಹೋದರು. ಗೆಸ್ಟುಗಳ ಕಾರು ಬಂದಿತ್ತು.

“ಕೇಳಿಸ್ತಲ್ಲ?” ಮೇಸ್ತ್ರಿ ಇವಳ ಕಡೆ ತಿರುಗಿದ. “ನೀನು ಹಗ್ಗ ಹಿಂಬಾಗಿಲೊಳಗೆ ಎಸೆದು, ಮೂಲೆ ಅಂಗಡೀಲಿ ನನಗೊಂದು ಟೀ ಹೇಳಿ ಬಾ ಹೋಗು.”

ಮೇಸ್ತ್ರಿಗೆ ಏನೂ ನೆನಪಾದ ಹಾಗಿರಲಿಲ್ಲ. ಅಣ್ಣ ಅವಳನ್ನು ನೋಡಿದ. ಅವಳು ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಹಿಂಬಾಗಿಲು ಹೊಕ್ಕಳು.

“ಗಂಟು ಬಿಚ್ಚೋ, ಅವಳು ಹೋದಳು,” ಮೇಸ್ತ್ರಿ ಅನ್ನುವುದು ಕೇಳಿಸಿತು.

ಅವಳು ನಡೆದ ಹಾಗೆ ಹೆಗಲಿನ ಸುರುಳಿ ಬಿಚ್ಚುತ್ತ ಹೋಯಿತು. ನಲ್ಲಿ ದಾಟಿದಳು. ವಾಚ್‌ಮನ್ ಮುಂಬಾಗಿಲಲ್ಲಿ ಸಲಾಮು ಹೊಡೆಯುತ್ತಿದ್ದ. ಒರೆಸಿ ಮಿರುಗಿಸಿದ್ದ ನೆಲದ ಮೇಲೆ ಕಪ್ಪು ಗೆರೆ ಎಳೆಯುತ್ತ ಹಗ್ಗ ಅವಳ ಹಿಂದೆ ಬಂತು. ಪರದೆಯಿದ್ದ ಹಾಲ್‌ನ ಬಾಗಿಲಿಗೆ ಬರುವ ಹೊತ್ತಿಗೆ ಕೈಯಲ್ಲಿ ಒಂದು ಮೊಳ ಉಳಿದಿತ್ತು.

“...ಈ ಊರಲ್ಲಿ ಒಬ್ಬೇ ಒಬ್ಬ ಮನುಷ್ಯನೂ ಗುಂಡಿಗೆ ಇಳಿಯೋದಿಲ್ಲ,” ಸಾಹೇಬರು ಹೇಳುತ್ತಿದ್ದರು. ಹಿಂದೆ ಗೋಡೆಯಗಲ ಪರದೆ. ಮಧ್ಯದಲ್ಲಿ ಒಂದು ಕೆಂಪು ಚುಕ್ಕೆ.

ಅವಳಿಗಿಂತ ಮೊದಲು ವಾಸನೆ ಒಳಗೆ ಬಂತು. ಎಲ್ಲರೂ ತಿರುಗಿದರು.

“ಹಿಡ್ಕೊಳ್ಳಿ ಸಾಹೇಬ್ರೆ.” ಅವಳು ಹಗ್ಗದ ತುದಿ ಚಾಚಿದಳು.

“ಕೇಬಲ್ಲು. ರಿಪೇರಿ ನಡೀತಿದೆ,” ಸಾಹೇಬರು ಗೆಸ್ಟುಗಳಿಗೆ ಹೇಳಿ ನಕ್ಕರು. ಇವಳಿಗೆ ಹಲ್ಲು ಕಚ್ಚಿ, “ಆಚೆ ಹೋಗಮ್ಮಾ,” ಎಂದರು.

ಆಗ ಹಗ್ಗ ನೆಲದಿಂದ ಒಮ್ಮೆ ಎದ್ದು ಬಿಗಿಯಾಗಿ, ಮತ್ತೆ ಬಿತ್ತು. ಎಲ್ಲರೂ ನೋಡಿದರು.

“ಏನದು?” ಗೆಸ್ಟುಗಳಲ್ಲಿ ಕನ್ನಡಕದ ಹೆಂಗಸೊಬ್ಬರು ಕೇಳಿದರು.

“ನಮ್ಮಣ್ಣ. ಗುಂಡಿ ಅಂಚಲ್ಲಿ ಕೂತಿದಾನೆ. ಕೇಳ್ತಿದಾನೆ.”

“ಏನು ಕೇಳ್ತಿದಾನೆ?”

“ಈ ತುದಿ ಯಾರ ಕೈಲಿದೆ ಅಂತ.”

ಅವಳು ಉತ್ತರಕ್ಕೆ ಜಗ್ಗಲಿಲ್ಲ. ತುದಿಯನ್ನು ಸಾಹೇಬರ ಕಡೆ ಚಾಚಿಕೊಂಡೇ ನಿಂತಳು. ಸಾಹೇಬರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಚುಕ್ಕೆ ಕೆಂಪಗೇ ಇತ್ತು.