ಎಡಬದಿಯ ಲಾಕ್

ಬೈಕಂಪಾಡಿಯ ಆ ಯಾರ್ಡಿನಲ್ಲಿ ಲಾರಿ ಹೊರಡುವುದು ಕೀಲಿಯಿಂದಲ್ಲ, ಅಬ್ದುಲ್ಲನ ಸ್ವರದಿಂದ. ಕ್ರೇನು ಕಂಟೇನರನ್ನು ಟ್ರೈಲರಿನ ಮೇಲೆ ಇಳಿಸಿದ ಮೇಲೆ ಅವನು ನಾಲ್ಕೂ ಮೂಲೆಗೆ ಹೋಗಿ ಅದನ್ನು ಬಿಗಿಯುವ ಲಾಕಿನ ಹಿಡಿ ತಿರುಗಿಸುತ್ತಾನೆ, ಸಲಾಕೆಯಿಂದ ಬಡಿದು ನೋಡುತ್ತಾನೆ, ಹಿಂದಿನಿಂದಲೇ ಉದ್ದಕ್ಕೆ ಕೂಗುತ್ತಾನೆ: "ಆಂಡ್." ಆಯಿತು ಎಂದು, ತುಳುವಿನಲ್ಲಿ. ಅಷ್ಟು ಕೇಳಿದರೆ ಡ್ರೈವರು ಕನ್ನಡಿಯನ್ನೂ ನೋಡುವುದಿಲ್ಲ.

ಗೇಟಿನ ಕ್ಲಾರ್ಕ್ ಮುಖೇಶನಿಗೆ ಮುಖ ಒಂದೇ, ಸ್ವರ ಹತ್ತು. ಧಣಿ ಜಯಪಾಲರ ಕೆಮ್ಮು, ಕ್ರೇನಿನ ಕಿರುಚಾಟ, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು.

ಆ ಮಧ್ಯಾಹ್ನ ಡ್ರೈವರ್ ದೀಕ್ಷಿತನ ಟ್ರೈಲರಿನ ಮೇಲೆ ವಾಮಂಜೂರಿನ ಕಡೆಗೆ ಹೋಗುವ ಗೇರುಬೀಜದ ಕಂಟೇನರ್. ಅಬ್ದುಲ್ಲ ಬಲಬದಿಯ ಎರಡು ಲಾಕ್ ಮುಗಿಸಿದ. ಎಡಬದಿಯವು ತುಕ್ಕು ಹಿಡಿದು ಅಲ್ಲಾಡಲಿಲ್ಲ. ಎಣ್ಣೆ ತರಲು ಶೆಡ್ಡಿಗೆ ನಡೆದ. ಅವನು ನಡೆದದ್ದು ಕಂಡು ಕೆಲಸ ಮುಗಿಯಿತೆಂದುಕೊಂಡ ಮುಖೇಶ್, ಚಹಾದ ಗ್ಲಾಸು ಹಿಡಿದೇ, ಅಬ್ದುಲ್ಲನದೇ ಗೊಗ್ಗರು ಸ್ವರದಲ್ಲಿ "ಆಂಡ್" ಎಂದ. ಗೇರು ಹೊತ್ತ ಲಾರಿ ಗೇರಿಗೆ ಬಿದ್ದು ಗೇಟು ದಾಟಿತು.

ಶೆಡ್ಡಿನಲ್ಲಿ ಎಣ್ಣೆ ಹುಡುಕುವುದಕ್ಕೇ ಹೊತ್ತು ಹಿಡಿಯಿತು. ಅಬ್ದುಲ್ಲ ಬಂದು ಖಾಲಿ ಜಾಗ ನೋಡಿದ.

"ಗಾಡಿ ಎಲ್ಲಿ ಮೋನು?" ಎಂದು ಮುಖೇಶನನ್ನು ಕೇಳಿದ.

"ಹೋಯ್ತಲ್ಲ. ನೀವೇ ಆಂಡ್ ಹೇಳಿದ್ದು," ಎಂದು ಮುಖೇಶ್ ನಗಲು ಹೋದ.

"ಎಡಬದಿ ಬಿಟ್ಟೇ ಉಂಟು. ನಂತೂರಿನಲ್ಲಿ ಎಡಕ್ಕೆ ತಿರುಗಿಸಿದ್ರೆ ಇಡೀ ಪೆಟ್ಟಿಗೆ ಬಲಕ್ಕೆ ಮಗುಚ್ತದೆ. ಕೆಳಗೆ ಎಷ್ಟು ಸ್ಕೂಟರ್ ಇರ್ತದೆ ಗೊತ್ತುಂಟಾ?"

ಮುಖೇಶ್ ತನ್ನ ಫೋನಿನಿಂದ ಕರೆ ಮಾಡಿದ. ಮೂರು ಸಲ ಬಡಿದುಕೊಂಡ ಮೇಲೆ ದೀಕ್ಷಿತ್ ಎತ್ತಿದ. ಅಬ್ದುಲ್ಲ ಫೋನ್ ಕಸಿದು ಸ್ಪೀಕರಿಗೆ ಹಾಕಿದ. "ದೀಕ್ಷಿತ್, ಗಾಡಿ ನಿಲ್ಲಿಸು. ಎಡದ ಲಾಕ್ ಹಾಕ್ಲಿಲ್ಲ."

"ಸೂಪರ್ ಮುಖೇಶಣ್ಣ. ಅಬ್ದುಲ್ಲಾಕ ಕೇಳಿದ್ರೆ ಅವರಿಗೇ ಸಂಶಯ ಬಂದೀತು."

"ಅಬ್ದುಲ್ಲನೇ ಮಾತಾಡುವುದು."

"ಹೌದು ಹೌದು. ಇನ್ನು ಧಣಿಯದ್ದೊಂದು ಕೆಮ್ಮು ಹಾಕಿ."

"ನಾನು ಮುಖೇಶ್," ಎಂದ ಮುಖೇಶ್. "ತಮಾಷೆ ಅಲ್ಲ ಮಾರಾಯ."

"ಮೊನ್ನೆ ಟಯರಿಗೆ ಬೆಂಕಿ ಹಿಡಿದಿದೆ ಅಂತ ನನ್ನನ್ನು ಓಡಿಸುವಾಗಲೂ ಹೀಗೇ ಹೇಳಿದ್ರಿ. ಕೆಪಿಟಿ ಜಂಕ್ಷನ್ ದಾಟಿದೆ, ನಂತೂರಿನಲ್ಲಿ ರಶ್ ಉಂಟು. ಇಡ್ತೇನೆ."

ಮುಖೇಶನ ಹತ್ತು ಸ್ವರಗಳಲ್ಲಿ ನಂಬುವಂಥದ್ದು ಒಂದೂ ಇರಲಿಲ್ಲ. ಅವನು ಫೋನಿಗೆ ತುಟಿಯಿಟ್ಟು, ಬಿಟ್ಟ ಲಾಕಿನ ಮೇಲೆ ಕಂಟೇನರ್ ಎದ್ದು ಕೂರುವ ಸದ್ದು ಮಾಡಿದ. ಢಕ್. ಕಿರ್ರ್. ಢಕ್.

ಆ ಕಡೆ ನಗು ಕೇಳಿಸಿತು. ಅದರ ಹಿಂದೆಯೇ, ದೂರದಿಂದ, ಢಕ್.

"ಈಗಿನದ್ದೂ ನೀವೇ ಮಾಡಿದ್ದಾ?"

"ಇಲ್ಲ," ಎಂದ ಮುಖೇಶ್. "ಅದು ನಿನ್ನ ಬೆನ್ನ ಹಿಂದೆ."

ನಗು ನಿಂತಿತು. ಅಬ್ದುಲ್ಲ ಮೆಲ್ಲಗೆ ಹೇಳಿದ, "ಬ್ರೇಕ್ ಒಮ್ಮೆಲೇ ಒತ್ಬೇಡ. ಎಡಕ್ಕೆ ಎಳೀಬೇಡ. ನೇರ ಹೋಗು, ನಿಧಾನ ಮಾಡು." ಬಸ್ಸುಗಳ ಹಾರ್ನು, ಯಾರದೋ ಬೈಗುಳ, ಮತ್ತೆ ಢಕ್. ಬಹಳ ಹೊತ್ತಿನ ಮೇಲೆ ದೀಕ್ಷಿತನ ಉಸಿರು: "ನಿಂತೆ."

ಅಬ್ದುಲ್ಲ ಎಣ್ಣೆ, ಸಲಾಕೆ ಹಿಡಿದು ಬೈಕ್ ಹತ್ತಿದ. ಮುಖೇಶನತ್ತ ನೋಡಲಿಲ್ಲ.

ಮರುದಿನ ಅಬ್ದುಲ್ಲ ನಾಲ್ಕೂ ಮೂಲೆ ಬಡಿದು "ಆಂಡ್" ಎಂದ. ಇಂಜಿನ್ ಸದ್ದಾಗಲಿಲ್ಲ. ದೀಕ್ಷಿತ್ ಬಾಗಿಲು ತೆರೆದು ಇಳಿದು, ಒಂದೊಂದೇ ಹಿಡಿ ಎಳೆದು ನೋಡತೊಡಗಿದ. ಹಿಂದೆ ಸಾಲಿನಲ್ಲಿದ್ದ ಡ್ರೈವರುಗಳೂ ಇಳಿದರು. ಅಬ್ದುಲ್ಲ ಇನ್ನೊಮ್ಮೆ, ಸ್ವಲ್ಪ ತಗ್ಗಿಸಿ, "ಆಂಡ್" ಎಂದ.

ಮುಖೇಶ್ ಬಾಯಿ ಮುಚ್ಚಿಕೊಂಡೇ ಇದ್ದ. ಆದರೂ ಎಲ್ಲರೂ ತಿರುಗಿ ಗೇಟಿನತ್ತ ನೋಡಿದರು.