ಸಿಳ್ಳೆ ಹೊಡೆದವರ ಮನೆಗೆ ಮೇಡಂ

ಸರ್ಕಾರ ನಮ್ಮ ಕೈಯಿಂದ ಕೋಲು ಕಿತ್ತುಕೊಂಡು ತರಬೇತಿ ಕೊಟ್ಟಿತು. ತರಬೇತಿಯಲ್ಲಿ ಊಟ ಚೆನ್ನಾಗಿತ್ತು, ಮಿಕ್ಕಿದ್ದು ನೆನಪಿಲ್ಲ. ಸೂಳೆಕೆರೆ ಪಕ್ಕದ ನಮ್ಮ ಹೈಸ್ಕೂಲಿನ ಒಂಬತ್ತನೇ ಕ್ಲಾಸಿಗೆ ಮಾತ್ರ ಕೋಲು ಹೋದ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಹೊಸದಾಗಿ ಬಂದ ವಿಜ್ಞಾನದ ದುರ್ಗಾಂಬಿಕಾ ಮೇಡಂ ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನಿಂದ ಸಿಳ್ಳೆ.

ಹೆಡ್‌ಮಾಸ್ಟರ್ ನಾನು. ಕರೆದು ಹೇಳಿದೆ, "ತಿಂಗಳೊಳಗೆ ಕ್ಲಾಸ್ ಹಿಡಿತಕ್ಕೆ ಬರ್ಲಿಲ್ಲ ಅಂದ್ರೆ ನಿಮ್ಮನ್ನ ಬೇರೆ ಕಡೆ ಹಾಕ್ರಿ ಅಂತ ಮ್ಯಾಲಿನವರಿಗೆ ಹೇಳ್ಬೇಕಾಗ್ತೈತೆ ಮೇಡಂ." ಅವರಿನ್ನೂ ಪ್ರೊಬೇಷನ್ನಿನಲ್ಲಿದ್ದರು, ನನ್ನ ಒಂದು ದೂರಿಗೆ ಕೆಲಸವೇ ಹೋಗಬಹುದಿತ್ತು. ಮುಖ ಬಾಡಿತು.

ಅಂದು ಸಂಜೆ ಅವರು ನೇರ ಸಿಳ್ಳೆ ಸರದಾರ ಓಂಕಾರನ ಮನೆಗೆ ಹೋದರು. ದೂರು ಹೇಳಲಿಲ್ಲ. ಅವನ ಅಜ್ಜಿ ತಿಪ್ಪಮ್ಮ ಕೊಟ್ಟ ಮಂಡಕ್ಕಿ ತಿಂದು, ಚಾ ಕುಡಿದು, ಮೊಮ್ಮಗನ ಪುರಾಣ ಪೂರ್ತಿ ಕೇಳಿಸಿಕೊಂಡು ಬಂದರು. ಮರುದಿನ ಸಿಳ್ಳೆ ಬಿದ್ದಾಗ ಬೋರ್ಡಿನಿಂದ ಮುಖ ತಿರುಗಿಸದೆ, "ಓಂಕಾರ್, ನಿಮ್ಮನಿ ಹುಂಜ ಹೆಂಗೈತೋ?" ಅಂದರು. ಮಿಕ್ಕವರಿಗೆ ತಲೆಬುಡ ತಿಳಿಯಲಿಲ್ಲ. ಏಳು ವರ್ಷದವರೆಗೂ ಹುಂಜಕ್ಕೆ ಹೆದರಿ ಅಜ್ಜಿಯ ಸೆರಗು ಹಿಡಿದೇ ಅಂಗಳಕ್ಕಿಳಿಯುತ್ತಿದ್ದ ಆ ಚಿಗುರುಮೀಸೆಯ ಗಂಡು ಮಾತ್ರ ಬೆವತುಹೋದ.

ಆಮೇಲೆ ಸಿಳ್ಳೆ ಹೊಡೆದವರ ಮನೆಗೆಲ್ಲ ಮೇಡಂ ಹಾಜರ್. ಕ್ಲಾಸ್ ತಣ್ಣಗಾಯಿತು. ನನಗೆ ಖುಷಿಗಿಂತ ಹೊಟ್ಟೆಕಿಚ್ಚೇ ಜಾಸ್ತಿಯಾಯಿತು.

ಗಡುವಿನ ಕೊನೇ ದಿನ ನಾನು ಬಾಗಿಲಲ್ಲಿ ನಿಂತಿರುವಾಗಲೇ ಜೋರು ಸಿಳ್ಳೆ. ಹೊಡೆದವಳು ಮುಂದಿನ ಬೆಂಚಿನ ಅನಿತಾ, ಹಾಜರಿ ಕೂಗಿದಾಗಲೂ ಪಿಸುಗುಡುವ ಹುಡುಗಿ. ಯಾಕೆಂದು ಮೇಡಂ ಕೇಳಿದ್ದೇ ಅತ್ತುಬಿಟ್ಟಳು.

"ನಮ್ಮವ್ವ ಹೇಳಿದ್ಲು ಮೇಡಂ. ಪೋಲಿಗಳ ಮನಿಗೆಲ್ಲ ಹೋಗಿ ಚಾ ಕುಡಿತಾರೆ, ನಮ್ಮನಿ ಏನ್ ಪಾಪ ಮಾಡೈತೆ, ನೀನೂ ಒಂದು ಸಿಳ್ಳೆ ಹೊಡಿ ಅಂದ್ಲು."

ಮೇಡಂ ನನ್ನತ್ತ ನೋಡಿದರು. ಕೆಲಸ ಹೋಯಿತು ಅನ್ನುವ ಭಯ ಅವರ ಕಣ್ಣಲ್ಲಿತ್ತು. ನಾನು ಬಾಯಿ ತೆರೆಯುವ ಮೊದಲೇ ಕ್ಲಾಸಿನ ಕಡೆ ತಿರುಗಿದರು.

"ಇವತ್ತಿಂದ ಸಿಳ್ಳೆ ಹೊಡೆದೋರ ಮನಿಗೆ ನಾನು ಬರಲ್ಲ. ಸುಮ್ನಿದ್ದೋರ ಮನಿಗೆ ಮಾತ್ರ ಬರ್ತೀನಿ."

ಹಿಂದಿನ ಬೆಂಚಿನಲ್ಲಿ ಓಂಕಾರ್ ಎದ್ದುನಿಂತ. "ಮೇಡಂ, ನಾನು ಸುಮ್ನಾಗಿ ಭಾಳ ದಿನ ಆತು. ಮೇಡಂ ಯಾಕೋ ಮತ್ತೆ ಬರ್ಲೇ ಇಲ್ಲ ಅಂತ ಅಜ್ಜಿ ದಿನಾ ಕೇಳ್ತಾಳೆ."

ಇಡೀ ಸರ್ವೀಸು ಕೋಲು ಹಿಡಿದವನು ನಾನು. ಮೇಷ್ಟ್ರು ಯಾಕೆ ಬರಲಿಲ್ಲ ಅಂತ ಯಾವ ಅಜ್ಜಿಯೂ ಕೇಳಿದ್ದಿಲ್ಲ. ಮೇಲಿನವರಿಗೆ ಏನೂ ಹೇಳಬಾರದೆಂದು ಅಲ್ಲೇ ತೀರ್ಮಾನಿಸಿದೆ.

ಸಂಜೆ ಮೇಡಂ ಚೀಲ ಎತ್ತಿಕೊಂಡಾಗ ಕೇಳಿದೆ, "ತಿಪ್ಪಮ್ಮನ ಮನಿಗೆ ನಾನೂ ಬರ್ಲೇನ್ರಿ?"

"ಬರ್ರಿ ಸಾರ್," ಅಂದರು. "ಆದ್ರೆ ಆ ಹುಡುಗನ ಮುಂದೆ ಹುಂಜದ ಸುದ್ದಿ ಎತ್ತಬ್ಯಾಡ್ರಿ."